ಹಾಗೆ

ಬಂದರಿನಿಂದ ಬೆಂಗ್ರೆಗೆ ಏಳೇ ನಿಮಿಷದ ದೋಣಿ.
ದಾಟುವಷ್ಟರಲ್ಲಿ ಇವತ್ತಿನ ಪಾಠ ಬಾಯಲ್ಲೇ ಉರು ಹೊಡೆದೆ:
ಉಪಮೇಯ, ಉಪಮಾನ, ಸಮಾನಧರ್ಮ,
ಮತ್ತೆ ಇವನ್ನೆಲ್ಲ ಕಟ್ಟಿ ನಿಲ್ಲಿಸುವ ವಾಚಕ ಪದ.
ಪಕ್ಕದ ಹೆಂಗಸಿನ ಬುಟ್ಟಿಯ ನೀರು ಸೀರೆಗೆ ತೊಟ್ಟಿಕ್ಕಿ
ನಾಲ್ಕರಲ್ಲಿ ಒಂದು ಮರೆತುಹೋಯಿತು.

ಆರನೇ ತರಗತಿ. ಒಂದು ಕಿಟಕಿಗೆ ನದಿ, ಇನ್ನೊಂದಕ್ಕೆ ಕಡಲು.
ಹಲಗೆಯ ಮೇಲೆ ಬರೆದೆ:
ಸೀತೆಯ ಮುಖ ಕಮಲದ ಹಾಗೆ ಅರಳಿತು.

'ಯಾವಾಗ ಟೀಚರ್?' ಎಂದ ತನುಷ್.
'ಸೀತಕ್ಕನ ಮುಖ ಅರಳುವುದೇ ಇಲ್ಲ.
ಕುಕ್ಕರಿನ ಹಾಗೆ ಬಿಗಿದುಕೊಂಡೇ ಇರ್ತದೆ,
ಮತ್ತೆ ಒಮ್ಮೆಲೇ ವಿಸಿಲ್.'
ಬಿಸಿಯೂಟದ ಕೋಣೆಯಲ್ಲಿ ಸೌಟು ನಿಂತಿತು.
ಬೈಯಬೇಕಿತ್ತು. ಬೈಯಲು ಹೊರಟವಳು ಎಣಿಸಿದೆ,
ನಾಲ್ಕೂ ಇದ್ದವು.

ಆಮೇಲೆ ಯಾರೂ ಕೈ ಎತ್ತಿ ಕಾಯಲಿಲ್ಲ.
ಶಮ್ಮಾಸನ ಅಪ್ಪ ಹತ್ತು ದಿನದ ಬೋಟು ಮುಗಿಸಿ ಬಂದು
ಲಂಗರಿನ ಹಾಗೆ ಮಲಗುತ್ತಾನೆ,
ಎಬ್ಬಿಸಲು ಎಳೆದರೆ ಮನೆಯೇ ಅಲುಗ್ತದಂತೆ.
ಬಂಗುಡೆಯ ಬೆನ್ನು, ಬರೆದು ಸರಿಯಾಗಿ ಉಜ್ಜದ
ಕಾಪಿ ಪುಸ್ತಕದ ಹಾಗೆ.
ನಿಶ್ಮಿತಾ ಅಂದಳು, ಅಮ್ಮನ ಕೈ ಐಸಿನ ಹಾಗೆ.
'ತಣ್ಣಗೆ' ಎಂದು ನಾನೇ ತುಂಬಿದೆ ಸಮಾನಧರ್ಮ.
'ಅಲ್ಲ ಟೀಚರ್. ಸುಡ್ತದೆ.
ನೀವು ಐಸ್ ಪ್ಲಾಂಟಿಗೆ ಬಂದೇ ಇಲ್ಲ ಅಲ್ವಾ?'

ಇಲ್ಲ. ನಾನು ರೋಣದ ಕಡೆಯವಳು.
ಇಪ್ಪತ್ತಾರಕ್ಕೆ ಕಡಲು ಕಂಡವಳು, ಅದೂ
ಪೋಸ್ಟಿಂಗ್ ಆರ್ಡರ್ ಹಿಡಿದುಕೊಂಡು, ಬಿಸಿಲಲ್ಲಿ.
ಆವತ್ತು ಬಾಯಿಗೆ ಬಂದದ್ದು ಇಷ್ಟೇ:
ಅಯ್ಯ, ಜ್ವಾಳದ ಹೊಲ ಇದ್ದಂಗೈತಲ್ಲ!

ಹೇಳಿದೆ. 'ಇದ್ದಂಗೈತಿ, ಇದ್ದಂಗೈತಿ'
ಎಂದು ಬೆಂಚಿನಿಂದ ಬೆಂಚಿಗೆ ನಗು ಹಾರಿತು.
ತುಳುವಿನಲ್ಲಿ ಅದಕ್ಕೆ 'ಲೆಕ್ಕ' ಅನ್ನುತ್ತಾರೆ ಟೀಚರ್,
ಅಂದರು. ಲೆಕ್ಕ ನನಗೆ ಎಂದೂ ಹತ್ತಿದ್ದಿಲ್ಲ.

ಮುಫೀದಾ ನಗಲಿಲ್ಲ. ಅವಳ ಪುಟ ಖಾಲಿ.
'ಎರಡೂ ನೋಡಿರಬೇಕಲ್ಲ ಟೀಚರ್?
ನಾನು ಕಮಲ ನೋಡಿಲ್ಲ. ಮುಖ ನೋಡಿದ್ದೇನೆ.
ಹಾಗಾದ್ರೆ ಕಮಲ ಮುಖದ ಹಾಗೆ ಇರ್ತದಾ?'

ಗೈಡಿನಲ್ಲಿ ಇದಕ್ಕೆ ಉತ್ತರ ಇರಲಿಲ್ಲ.
ಅವಳು ಬಿಡಲಿಲ್ಲ. 'ಜೋಳದ ಹೊಲ ಹೇಗೆ ಉಂಟು?'

ಸೀಮೆಸುಣ್ಣದಲ್ಲಿ ದಂಟು ಗೀಚಿದೆ, ತೆನೆ ಗೀಚಿದೆ,
ಪೊರಕೆಯಾಯಿತು, ಅಳಿಸಿದೆ.
ಕರೀ ಮಣ್ಣು, ಎಂದೆ. ಆಳೆತ್ತರ, ಎಂದೆ.
ಗಾಳಿ ಬಂತೆಂದರೆ ಈ ಬದುವಿನಿಂದ ಆ ಬದುವಿನ ತನಕ
ಬಾಗಿ, ಎದ್ದು, ಮತ್ತೆ ಬಾಗಿ...
ಕೈ ತಾನಾಗಿ ಪಡುವಣ ಕಿಟಕಿಯತ್ತ ಹೋಯಿತು.
ಮೂವತ್ತೊಂದು ತಲೆ ಅತ್ತ ತಿರುಗಿ, ಇತ್ತ ತಿರುಗಿ,
ರೋಣಕ್ಕೆ ಹೋಗಿ ಬಂದವರ ಹಾಗೆ ಹೂಂಗುಟ್ಟಿದವು.

ಸಂಜೆ ಮರಳುವ ದೋಣಿಯಲ್ಲಿ ಪುಸ್ತಕ ತಿದ್ದುತ್ತ ಕೂತೆ.
ಐದು ಜನ ಕುಕ್ಕರನ್ನೇ ಬರೆದಿದ್ದರು.
ಒಬ್ಬ ಕಮಲವನ್ನು, ಕಾಗುಣಿತ ತಪ್ಪಿ.
ಮುಫೀದಾಳದು ಎರಡೇ ಸಾಲು:

'ನಮ್ಮ ಟೀಚರಿನ ಊರಲ್ಲಿ ಒಂದು ಸಮುದ್ರ ಉಂಟು.
ಅದನ್ನು ಕೊಯ್ದು ರೊಟ್ಟಿ ಮಾಡ್ತಾರೆ.'

ವಾಚಕ ಪದ ಎಲ್ಲಿ, ಎಂದು ಬರೆಯಹೊರಟ ಕೆಂಪು ಪೆನ್ನು
ಅಲ್ಲೇ ಊರಿ ನಿಂತು, ಚುಕ್ಕಿ ದೊಡ್ಡದಾಗಿ,
ಹಿಂದಿನ ಪುಟಕ್ಕೂ ಇಳಿಯಿತು.
ರೂಪಕದ ಪಾಠ ಇರುವುದು ದಸರಾ ರಜೆಯ ಆಚೆ.

'ಬಂತು ಟೀಚರ್, ಇಳೀರಿ,' ಎಂದ ದೋಣಿಯವನು,
ಹಗ್ಗ ಕಟ್ಟುತ್ತ, ಎರಡನೇ ಸಲ.
ಬುಟ್ಟಿಗಳೆಲ್ಲ ಇಳಿದಾಗಿತ್ತು.